ವಿಮಾನ 118ರ ಪಕ್ಕ ನಿಂತಿದ್ದವರು

"ಬಾಗಿಲು ತಟ್ಟಿ ಒಳಗೆ ಬರಬೇಕು ಅಂತ ಯಾರೂ ಹೇಳಿಕೊಟ್ಟಿಲ್ವಾ ನಿಮಗೆ?"

ಅವನು ತಲೆ ಎತ್ತದೆಯೇ ಕೇಳಿದ. ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಭೂತಗನ್ನಡಿ ಹಿಡಿದುಕೊಂಡು, ಮೇಜಿನ ಮೇಲಿನ ಹಳೇ ಫೋಟೋ ಒಂದರ ಮೇಲೆ ಬಗ್ಗಿ ಕೂತಿದ್ದ.

"ತಟ್ಟಿದೆ. ಮೂರು ಸಲ ತಟ್ಟಿದೆ. ಕಿವಿ ಮುಚ್ಕೊಂಡು ಕೂತವರಿಗೆ ಬಾಗಿಲು ತಟ್ಟಿ ಏನು ಬಂತು?"

ಆಗ ತಲೆ ಎತ್ತಿದ.

ಅಯ್ಯೋ... ಇವನಾ?!

ಮೂರು ವರ್ಷದಿಂದ ಅವಳು ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದ ಮನುಷ್ಯನಿಗೆ ಬೊಕ್ಕತಲೆ ಇತ್ತು, ಡೊಳ್ಳುಹೊಟ್ಟೆ ಇತ್ತು, ವಯಸ್ಸು ಅರವತ್ತು ದಾಟಿತ್ತು. ಎದುರಿಗೆ ಕೂತವನಿಗೆ ಮೂವತ್ತೂ ತುಂಬಿರಲಿಲ್ಲ. ಬಾಚಣಿಗೆ ಕಾಣದ ಕೂದಲು, ಮೊಣಕೈವರೆಗೆ ಮಡಚಿದ ಅಂಗಿ, ಬೆರಳ ತುದಿಯಲ್ಲಿ ಪೆನ್ಸಿಲ್ ಮಸಿ. ಶತ್ರು ನೋಡೋಕೆ ಚೆನ್ನಾಗಿದ್ದರೆ ಬೈಯೋದು ಎಷ್ಟು ಕಷ್ಟ ಅನ್ನೋದು ಅನುಭವಿಸಿದವರಿಗೇ ಗೊತ್ತು!

ಊರ ಹೊರಗಿನ ಆ ವಿಮಾನ ಸಂಗ್ರಹಾಲಯದಲ್ಲಿ ಎಲ್ಲರೂ ಅವನನ್ನು 'ಮೇಷ್ಟ್ರು' ಅಂತಲೇ ಕರೆಯುತ್ತಿದ್ದರು. ಯಾವುದೇ ಹಳೇ ಫೋಟೋ ಕೊಡಿ. ವಿಮಾನದ ಮೈಮೇಲಿನ ಅಂಕಿ, ಬಾಲದ ಪಟ್ಟೆ, ರೆಕ್ಕೆಯ ಮೇಲಿನ ವೃತ್ತ ನೋಡಿ, ಇದು ಯಾವ ಪಡೆಯ ಯಾವ ಯುದ್ಧವಿಮಾನ, ಯಾವ ವರ್ಷ ಹಾರಿತ್ತು, ಒಳಗೆ ಯಾರು ಕೂತಿದ್ದರು ಅಂತ ಮಗ್ಗಿ ಒಪ್ಪಿಸೋ ಹಾಗೆ ಹೇಳಿಬಿಡುತ್ತಿದ್ದ.

ಆ ವಿದ್ಯೆಯೇ ಅವಳ ಅಜ್ಜನ ಕತ್ತು ಕೊಯ್ದದ್ದು.

"ಪ್ರದರ್ಶನದ ಫೋಟೋ ಸರಿಮಾಡೋಕೆ ಜನ ಬೇಕು ಅಂದಿದ್ರಂತೆ. ಗಡಿಯಾರ ಗೋಪುರದ ಹಿಂದಿನ ಸ್ಟುಡಿಯೋದಿಂದ ಬಂದಿದೀನಿ" ಅಂದಳು. ಮಾತು ಸುಳ್ಳಲ್ಲ. ಹಳೇ ಫೋಟೋಗಳ ಗೀರು, ಕಲೆ, ಹರುಕು ಸರಿಮಾಡೋದೇ ಅವಳ ಕಸುಬು. ಆದರೆ ಬಂದದ್ದು ಬೇರೇನೋ ಹರಿಯೋಕೆ.

"ಓ! ಸ್ಟುಡಿಯೋದವರು ಒಬ್ಬರನ್ನ ಕಳಿಸ್ತೀನಿ ಅಂದಿದ್ರು. ಮೆಣಸಿನಕಾಯಿ ಅಂತ ಕರೀತೀವಿ, ಹುಷಾರು ಅಂತಾನೂ ಹೇಳಿದ್ರು." ಅವನು ನಕ್ಕ. "ಸರಿಯಾಗೇ ಹೇಳಿದಾರೆ. ಬನ್ನಿ, ಮುಖ್ಯವಾದ ಫೋಟೋ ತೋರಿಸ್ತೀನಿ."

ಕಂಪ್ಯೂಟರ್ ಪರದೆಯ ಮೇಲೆ ಒಂದು ಚಿತ್ರ ತೆರೆದ.

ಅಜ್ಜ! ಇಪ್ಪತ್ನಾಲ್ಕರ ಹುಡುಗ ಅಜ್ಜ. ತಲೆಗೆ ಟೋಪಿ, ಅರ್ಧ ಮುಖ ಮಾತ್ರ ಕಾಣುತ್ತೆ. ಒಂದು ಕೈ ವಿಮಾನದ ಮೈಮೇಲೆ. ಆ ಕೈ ಪಕ್ಕದಲ್ಲೇ ದಪ್ಪ ಬಿಳೀ ಅಂಕಿಯಲ್ಲಿ ಬರೆದದ್ದು... 118.

"ಅರವತ್ತು ವರ್ಷದ ಹಿಂದೆ 118 ಬೆಳಿಗ್ಗೆ ಹಾರಿ ಹತ್ತು ನಿಮಿಷಕ್ಕೆ ಬಿದ್ದೋಯ್ತು" ಅಂದ ಅವನು. ದನಿಯಲ್ಲಿದ್ದ ನಗು ಆರಿಹೋಗಿತ್ತು. "ಎಂಜಿನ್ ಮುಚ್ಚಳ ಸರಿಯಾಗಿ ಬಿಗಿ ಮಾಡಿರಲಿಲ್ಲ ಅಂತ ವಿಚಾರಣೆಯಲ್ಲಿ ಗೊತ್ತಾಯ್ತು. ಯಾರು ಅನ್ನೋದು ಗೊತ್ತಾಗ್ಲಿಲ್ಲ, ರಿಜಿಸ್ಟರೇ ಕಳೆದುಹೋಗಿತ್ತು. ಈ ಫೋಟೋ ತೆಗೆದಿದ್ದು ಅದೇ ದಿನ ಬೆಳಿಗ್ಗೆ. ಇವನೇ ಆ ಮೆಕ್ಯಾನಿಕ್. ಮೂರು ವರ್ಷದ ಹಿಂದೆ ನಾನೇ ಪತ್ತೆ ಮಾಡಿ ಪೇಪರ್‌ಗೆ ಬರೆದೆ."

*ಗೊತ್ತು ಕಣೋ ಮಹಾನುಭಾವ. ಆ ಪೇಪರ್ ನಮ್ಮ ಮನೆಗೂ ಬರುತ್ತೆ.*

"ಮೂರು ವಾರಕ್ಕೆ ನಮ್ಮ ಪ್ರದರ್ಶನ. ಈ ಚಿತ್ರ ಆಳೆತ್ತರಕ್ಕೆ ಗೋಡೆ ಮೇಲೆ ಬರುತ್ತೆ. ಶಾಶ್ವತವಾಗಿ. ಕೆಳಗೆ ಅವನ ಹೆಸರು."

ಆಳೆತ್ತರ! ಶಾಶ್ವತ! ಅವಳು ಚೀಲದ ಪಟ್ಟಿಯನ್ನು ಉಗುರು ಬೆಳ್ಳಗಾಗೋವರೆಗೂ ಬಿಗಿಹಿಡಿದಳು.

"ಮೂಲ ಪ್ರಿಂಟ್ ಎಲ್ಲಿದೆ?"

"ಬೀರುವಿನಲ್ಲಿದೆ, ಯಾರಿಗೂ ಮುಟ್ಟೋಕೆ ಕೊಡಲ್ಲ. ಅದು ಬಂದಿದ್ದೂ ನಿಮ್ಮ ಸ್ಟುಡಿಯೋದಿಂದಾನೇ, ಗೊತ್ತಾ? ನಾನು ಸೇರೋಕೆ ಮುಂಚೆ, ನಲವತ್ತು ಫೋಟೋಗಳ ಜೊತೆ."

ನಮ್ಮ ಸ್ಟುಡಿಯೋದಿಂದಾ?!

ಅಂದರೆ ನೆಗೆಟಿವ್ ಇನ್ನೂ ಅಲ್ಲೇ ಇರಬೇಕು...

*

ಇಲ್ಲಿ ಅಜ್ಜನ ವಿಷಯ ಒಂದೆರಡು ಮಾತು ಹೇಳಲೇಬೇಕು.

ಅಪ್ಪ ಅಮ್ಮ ಇಲ್ಲದ ಹುಡುಗಿಯನ್ನು ಸಾಕಿ ಬೆಳೆಸಿದ್ದು ಅಜ್ಜನೇ. ಎಂಬತ್ತು ದಾಟಿದರೂ ಮನೆಯ ನಲ್ಲಿ, ಫ್ಯಾನು, ಹೊಲಿಗೆ ಮಿಷನ್ನು ಯಾವುದೂ ಹೊರಗಿನವರ ಕೈಗೆ ಹೋಗುತ್ತಿರಲಿಲ್ಲ. ತಿಂಗಳಿಗೊಮ್ಮೆ ಹಳೇ ಮೆಕ್ಯಾನಿಕ್‌ಗಳ ಕೂಟ. ಅಲ್ಲಿಗೆ ಹೋಗೋಕೆ ಹಿಂದಿನ ದಿನವೇ ಷರ್ಟು ಇಸ್ತ್ರಿ ಮಾಡಿಡೋರು.

ಪೇಪರ್‌ನಲ್ಲಿ ಬಂದ ವಾರವೇ ಕೂಟದ ಹಿರಿಯರು ಮನೆಗೆ ಬಂದರು. ಎಲ್ಲರೂ ಅವರನ್ನ ಸ್ಪ್ಯಾನರ್ ಮಾಮ ಅನ್ನೋರು. ಅಜ್ಜನ ಜೀವದ ಗೆಳೆಯ. ಕುರ್ಚಿಯ ತುದಿಯಲ್ಲಿ ಕೂತು, ನೆಲ ನೋಡಿಕೊಂಡು, "ಸ್ವಲ್ಪ ದಿನ ಕೂಟಕ್ಕೆ ಬರಬೇಡಪ್ಪಾ, ಹುಡುಗರು ಏನೇನೋ ಮಾತಾಡ್ತಾರೆ" ಅಂದರು.

"ಅದು 811 ಕಣೋ! 118 ನಾನು ಮುಟ್ಟೇ ಇಲ್ಲ!" ಅಂತ ಅಜ್ಜ ಕೂಗಿದರು.

"ಫೋಟೋದಲ್ಲಿ 118 ಅಂತಿದೆಯಲ್ಲಪ್ಪಾ..."

ಅಷ್ಟೇ. ಆ 'ಸ್ವಲ್ಪ ದಿನ' ಮೂರು ವರ್ಷವಾಯಿತು. ಮೊದಲ ವರ್ಷ ಅಜ್ಜ ಜಗಳಾಡಿದರು. ಎರಡನೇ ವರ್ಷ ಸುಮ್ಮನಾದರು. ಮೂರನೇ ವರ್ಷ... ಅದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಸಂಜೆ ತಮ್ಮ ಎರಡೂ ಕೈ ನೋಡಿಕೊಳ್ಳುತ್ತಾ ಕೇಳಿದರು.

"ಪುಟ್ಟೀ, ಒಂದು ವೇಳೆ ನಾನೇ ಇರಬಹುದೇನೇ? ವಯಸ್ಸಾಯ್ತು, ನನಗೇ ಮರೆತು ಹೋಗಿರಬಹುದಲ್ಲಾ..."

ಅವತ್ತೇ ಅವಳು ಶಪಥ ಮಾಡಿದ್ದಳು. ಯಾರನ್ನು ಬಿಟ್ಟರೂ ಆ ಮೇಷ್ಟ್ರನ್ನು ಬಿಡಲ್ಲ. ಹತ್ತು ಜನರೆದುರು ಅಜ್ಜನ ತಲೆ ತಗ್ಗಿಸಿದವನನ್ನು ನೂರು ಜನರೆದುರು ತಲೆ ತಗ್ಗಿಸೋ ಹಾಗೆ ಮಾಡ್ತೀನಿ!

*

ಮರುದಿನ ಬೆಳಿಗ್ಗೆ ಸ್ಟುಡಿಯೋ ತೆರೆದ ಕೂಡಲೇ ಅಟ್ಟದ ಪೆಟ್ಟಿಗೆಗಳನ್ನು ಇಳಿಸಿದಳು. ಧೂಳಿಗೆ ಸೀನಿ ಸೀನಿ ಮೂಗು ಕೆಂಪಾಯಿತು. ಏಳನೇ ಪೆಟ್ಟಿಗೆಯಲ್ಲಿ ಆ ದಿನದ ತಾರೀಕು ಬರೆದ ಲಕೋಟೆ ಸಿಕ್ಕಿತು.

ನೆಗೆಟಿವ್ ಅನ್ನು ಬೆಳಕಿನ ಮೇಜಿನ ಮೇಲಿಟ್ಟು ಬಗ್ಗಿದಳು.

118.

ಹಾಗಾದರೆ... ಅಜ್ಜ ನಿಜವಾಗಿಯೂ...?

ಸ್ಟೂಲಿನ ಮೇಲೆ ಹಾಗೇ ಕುಸಿದು ಕೂತಳು. ಎಷ್ಟು ಹೊತ್ತಾಯಿತೋ. ಆಮೇಲೆ ನೆಗೆಟಿವ್ ವಾಪಸ್ ಲಕೋಟೆಗೆ ಹಾಕೋಕೆ ಎತ್ತಿದಾಗ ಬೆರಳಿಗೆ ಏನೋ ತಿಳಿಯಿತು. ಕಸುಬಿನವರ ಬೆರಳು ನೋಡಿ! ನೆಗೆಟಿವ್‌ಗೆ ಎರಡು ಮುಖ, ಒಂದು ನುಣುಪಾಗಿ ಹೊಳೆಯುತ್ತೆ, ಇನ್ನೊಂದು ಮಂಕು. ನೋಡುವಾಗ ಹೊಳೆಯೋ ಮುಖ ನಮ್ಮ ಕಡೆ ಇರಬೇಕು. ಅವಳು ಮಂಕು ಮುಖ ಮೇಲೆ ಮಾಡಿ ಇಟ್ಟಿದ್ದಳು. ಅಂದರೆ ಕನ್ನಡಿಯಲ್ಲಿ ಕಂಡ ಹಾಗೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ಮಗುಚಿ ಹಾಕಿದಳು.

811!

ಒಂದು ಅಂದರೆ ಬರೀ ನೆಟ್ಟಗಿನ ಕೋಲು. ಎಂಟು ಎಡದಿಂದ ನೋಡಿದರೂ ಎಂಟೇ, ಬಲದಿಂದ ನೋಡಿದರೂ ಎಂಟೇ. ವಿಮಾನದ ಮೇಲಿನ ವೃತ್ತವೂ ಅಷ್ಟೇ. ಎರಡೋ ಮೂರೋ ಏಳೋ ಇದ್ದಿದ್ದರೆ ತಿರುಗುಮುರುಗಾಗಿದೆ ಅಂತ ಮೊದಲ ನೋಟಕ್ಕೇ ಗೊತ್ತಾಗುತ್ತಿತ್ತು. ಅಜ್ಜನ ದುರದೃಷ್ಟಕ್ಕೆ ಈ ಎರಡೇ ಅಂಕಿ!

"ಅಜ್ಜಾ... ನೀವು ಮರೆತಿಲ್ಲ ಅಜ್ಜಾ..." ಅಂತ ಬಿಕ್ಕಿ ಬಿಕ್ಕಿ ಅತ್ತಳು.

ಅತ್ತು ಮುಗಿಸಿ ಕಣ್ಣೊರೆಸಿಕೊಂಡಾಗ ಮನಸ್ಸಿಗೆ ಬಂದ ಮೊದಲ ಯೋಚನೆ ಅಜ್ಜನದಲ್ಲ. ಅದನ್ನ ಬಚ್ಚಿಟ್ಟು ಏನು ಉಪಯೋಗ, ಹೇಳಿಬಿಡ್ತೀನಿ. ಅಜ್ಜನ ಹತ್ತಿರ ಓಡಿಹೋಗಿ ಹೇಳಬಹುದಿತ್ತು, ಮೇಷ್ಟ್ರ ಮೇಜಿನ ಮೇಲೆ ನೆಗೆಟಿವ್ ಇಟ್ಟು ಬರಬಹುದಿತ್ತು. ಎರಡನ್ನೂ ಮಾಡಲಿಲ್ಲ.

*ಕೋಣೆಯೊಳಗೆ ತಪ್ಪು ಒಪ್ಪಿಕೊಂಡು ಪಾರಾಗ್ತೀಯಾ? ಊಹೂಂ. ಪ್ರದರ್ಶನದ ದಿನ ಬರಲಿ.*

*

ಮೂರು ವಾರ ದಿನಾ ಹೋದಳು. ಪ್ರದರ್ಶನದ ಫೋಟೋಗಳನ್ನು ಸರಿಮಾಡಿ, ಹೊಸದಾಗಿ ಪ್ರಿಂಟ್ ಹಾಕಿ, ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ತನ್ನ ಗುರುತು ಹಾಕಿ ಕೊಡುತ್ತಿದ್ದಳು. ಒಂದು ತ್ರಿಕೋನ, ಒಳಗೊಂದು ಚುಕ್ಕಿ. ಯಾವ ಪ್ರಿಂಟ್ ಕೆಟ್ಟರೆ ಯಾರನ್ನು ಬೈಯಬೇಕು ಅಂತ ತಿಳಿಯಲಿ ಅಂತ ಸ್ಟುಡಿಯೋ ಯಜಮಾನರು ಮಾಡಿದ್ದ ಏರ್ಪಾಡು.

"ಈ ತ್ರಿಕೋನ ಏನು? ನಿಮ್ಮ ಮೂಗಿನ ಚಿತ್ರವಾ?" ಅಂತ ಅವನು ಕೇಳಿದ.

"ಅಲ್ಲ, ನಿಮ್ಮ ಮಂಡೆ. ಒಳಗಿರೋ ಚುಕ್ಕಿ ಮಿದುಳು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೂ ನಗು ಬಂತು. ನಕ್ಕಿದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡು ಮನೆಗೆ ಹೋದಳು.

ಕೆಟ್ಟ ಮನುಷ್ಯ ಕೆಟ್ಟವನ ಹಾಗೇ ಇರಬೇಕಲ್ವಾ? ಇವನು ಇರಲಿಲ್ಲ. ಅವಳಿಗೆ ಕಣ್ಣು ನೋಯುತ್ತೆ ಅಂತ ದೀಪದ ದಿಕ್ಕು ಬದಲಾಯಿಸಿದ. ಅವಳು ಸಕ್ಕರೆ ಇಲ್ಲದ ಟೀ ಕುಡಿಯೋದನ್ನ ಒಂದೇ ದಿನದಲ್ಲಿ ನೆನಪಿಟ್ಟುಕೊಂಡ. ಬಾಲದ ಪಟ್ಟೆಯ ಅಗಲ ನೋಡಿ ವರ್ಷ ಹೇಳೋದು ಹೇಗೆ ಅಂತ ಕಲಿಸುವಾಗ ಅವನ ಭುಜ ಅವಳ ಭುಜಕ್ಕೆ ತಾಗಿತು... ಇಬ್ಬರೂ ಸರಿಯಲಿಲ್ಲ.

*ಏನಾಗ್ತಿದೆ ನನಗೆ? ನಾಚಿಕೆ ಇಲ್ವಾ? ಅಜ್ಜನ ಮುಖ ನೆನಪಿಸ್ಕೋ!*

ಒಂದು ಮಧ್ಯಾಹ್ನ ಅವನೇ ಬಾಯಿಬಿಟ್ಟ.

"118 ಹಾರಿಸಿದ್ದವರು ನಮ್ಮಜ್ಜ. ನಮ್ಮಮ್ಮನಿಗೆ ಅಪ್ಪನ ಮುಖವೇ ಗೊತ್ತಿಲ್ಲ. ಅಜ್ಜಿ ಸಾಯೋವರೆಗೂ ಒಂದೇ ಮಾತು ಕೇಳ್ತಿದ್ರು, ಅದು ಯಾರ ಕೈತಪ್ಪು ಅಂತ. ಅದಕ್ಕೇ ನಾನು ಈ ಕೆಲಸ ಕಲಿತಿದ್ದು."

ಚೀಲದೊಳಗೆ ನೆಗೆಟಿವ್ ಇತ್ತು. ಕೈ ತಾನಾಗಿಯೇ ಚೀಲದ ಕಡೆ ಹೋಯಿತು. ಹೇಳಿಬಿಡಲಾ...?

"ಆ ಮುದುಕ ಇನ್ನೂ ಬದುಕಿದಾನಂತೆ" ಅಂದ ಅವನು, ಹಲ್ಲು ಕಚ್ಚಿ. "ಪ್ರದರ್ಶನ ಮುಗೀಲಿ. ಅವನ ಬಾಗಿಲಿಗೆ ಹೋಗಿ, ಕಣ್ಣಲ್ಲಿ ಕಣ್ಣಿಟ್ಟು ಕೇಳ್ತೀನಿ. ಅರವತ್ತು ವರ್ಷ ಹೇಗೆ ನಿದ್ದೆ ಮಾಡಿದೆಯೋ ಅಂತ!"

ಅವಳ ಕೈ ಚೀಲದಿಂದ ಹಿಂದೆ ಬಂತು.

*ಬಾ ಕಣೋ. ಅದಕ್ಕಿಂತ ಮುಂಚೆ ನಾನೇ ನಿನ್ನ ಕಣ್ಣಲ್ಲಿ ಕಣ್ಣಿಡ್ತೀನಿ.*

*

ಪ್ರದರ್ಶನದ ದಿನ ಬಂತು. ದೊಡ್ಡ ಹ್ಯಾಂಗರ್ ತುಂಬಾ ಜನ. ಪೇಪರಿನವರು, ನಿವೃತ್ತ ಅಧಿಕಾರಿಗಳು. ಎರಡನೇ ಸಾಲಿನಲ್ಲಿ ಹಳೇ ಮೆಕ್ಯಾನಿಕ್‌ಗಳು, ಮಧ್ಯದಲ್ಲಿ ಸ್ಪ್ಯಾನರ್ ಮಾಮ. ವೇದಿಕೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಮೂಲ ಪ್ರಿಂಟ್. ಹಿಂದಿನ ಗೋಡೆಯ ಮೇಲೆ ಪರದೆ ಮುಚ್ಚಿದ ಆಳೆತ್ತರದ ಚಿತ್ರ.

ಅವನು ಮೈಕಿನ ಮುಂದೆ ನಿಂತ. ಹೊಸ ಅಂಗಿ. ಕೂದಲು ಕೂಡ ಬಾಚಿದ್ದ! ಸಭೆಯಲ್ಲಿ ಅವಳನ್ನು ಹುಡುಕಿ, ಕಂಡು, ಮುಗುಳ್ನಕ್ಕ. ಆ ನಗು ಅವಳ ಎದೆಗೆ ಚುಚ್ಚಿತು. ಆದರೂ ಎದ್ದು ನಿಂತಳು.

"ಒಂದು ನಿಮಿಷ ಮೇಷ್ಟ್ರೇ. ಪರದೆ ಎಳೆಯೋಕೆ ಮುಂಚೆ ಒಂದು ಪ್ರಶ್ನೆ. ಈ ವಿಮಾನಕ್ಕೆ ಪೈಲಟ್ ಹತ್ತೋ ಮೆಟ್ಟಿಲು ಯಾವ ಕಡೆ ಇರುತ್ತೆ?"

"ಎಡಗಡೆ" ಅಂದ ಅವನು ಆಶ್ಚರ್ಯದಿಂದ.

"ಎಡಗಡೆ ಮಾತ್ರ?"

"ಹೌದು, ಎಡಗಡೆ ಮಾತ್ರ."

"ಹಾಗಾದ್ರೆ ನಿಮ್ಮ ಫೋಟೋದಲ್ಲಿ ಬಲಗಡೆ ಯಾಕಿದೆ?"

ಸಭೆ ಗುಜುಗುಜು ಅಂದಿತು. ಅವನ ಮುಖದ ಬಣ್ಣ ಇಳಿಯೋದನ್ನು ಅವಳು ನೋಡಿದಳು. ಮೂರು ವರ್ಷ ಕಾದಿದ್ದ ಹೊಟ್ಟೆಗೆ ತಂಪು ಬಿತ್ತು. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ಅವಳಿಗೆ ಹಬ್ಬವೇ!

ವೇದಿಕೆ ಹತ್ತಿದಳು. ನೆಗೆಟಿವ್ ಅನ್ನು ಚೀಲದಲ್ಲಿ ತಂದಿದ್ದ ಬೆಳಕಿನ ಹಲಗೆಯ ಮೇಲಿಟ್ಟಳು. ಕಾರ್ಯಕ್ರಮದ ಕ್ಯಾಮೆರಾ ಅದನ್ನು ವೇದಿಕೆ ಪಕ್ಕದ ದೊಡ್ಡ ಸ್ಕ್ರೀನಿಗೆ ಹಾಕಿತು. 118. ಮಗುಚಿದಳು. 811.

"ಇದು ಬಿದ್ದುಹೋದ ವಿಮಾನ ಅಲ್ಲ. ಅವತ್ತು ಹೋಗಿ ಸುಖವಾಗಿ ವಾಪಸ್ ಬಂದ 811. ಅದನ್ನ ಸಿದ್ಧ ಮಾಡಿ ಕಳಿಸಿದವರು ನಮ್ಮಜ್ಜ. ಮೂರು ವರ್ಷದಿಂದ ಅವರು ಮನೆ ಬಾಗಿಲು ದಾಟಿಲ್ಲ, ಇವರ ದೊಡ್ಡ ವಿದ್ಯೆಯಿಂದ!" ಅವಳ ದನಿ ಒಡೆಯಿತು. ಆದರೂ ನಿಲ್ಲಿಸಲಿಲ್ಲ. "ನೆಗೆಟಿವ್ ಮಗುಚಿ ಹಾಕಿ ಪ್ರಿಂಟ್ ಮಾಡಿದವನು ಒಬ್ಬ ಕುರುಡ. ಅದನ್ನ ನಂಬಿ ಒಬ್ಬ ಮನುಷ್ಯನ ಮಾನ ತೆಗೆದವರು ಅವನಿಗಿಂತ ದೊಡ್ಡ ಕುರುಡರು!"

"ಆ ಪ್ರಿಂಟ್ ಮಾಡಿದ್ದು ಯಾರು?" ಅಂತ ಪೇಪರಿನವನೊಬ್ಬ ಕೂಗಿದ.

ಮೇಷ್ಟ್ರು ಗಾಜಿನ ಪೆಟ್ಟಿಗೆ ತೆಗೆದ. ಮೂಲ ಪ್ರಿಂಟ್ ಕೈಗೆತ್ತಿಕೊಂಡು ಹಿಂಬದಿ ತಿರುಗಿಸಿದ. ನೋಡಿದ. ಆಮೇಲೆ ಅವಳನ್ನು ನೋಡಿದ. ಎಷ್ಟು ಹೊತ್ತು ನೋಡಿದ ಅಂದರೆ ಅವಳಿಗೇ ಮುಜುಗರವಾಯಿತು.

ಪ್ರಿಂಟನ್ನು ಅಂಗಿಯ ಒಳಜೇಬಿಗೆ ಸೇರಿಸಿದ.

*ನೋಡು ನೋಡು! ಸಾಕ್ಷಿ ಬಚ್ಚಿಡ್ತಿದಾನೆ!*

"ಪ್ರಿಂಟ್ ಮಾಡಿದವರ ತಪ್ಪಲ್ಲ" ಅಂದ ಮೈಕಿನಲ್ಲಿ. "ಮೆಟ್ಟಿಲು ಬಲಗಡೆ ಇದ್ದದ್ದು ಮೂರು ವರ್ಷದ ಹಿಂದೆಯೇ ನನ್ನ ಕಣ್ಣಿಗೆ ಬಿದ್ದಿತ್ತು. ಈ ವಿಮಾನಕ್ಕೆ ಮಾತ್ರ ಬದಲಾಯಿಸಿರಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಾಕಂದ್ರೆ ನನಗೆ ಒಬ್ಬ ಅಪರಾಧಿ ಬೇಕಾಗಿತ್ತು. ತಪ್ಪು ನನ್ನದು, ಪೂರ್ತಿ ನನ್ನದೇ. ನಾಳೆಯ ಪೇಪರಿನಲ್ಲಿ ಹಾಗೇ ಬರೀರಿ."

ಮೈಕು ಬಿಟ್ಟು ಇಳಿದು, ಜನರ ಮಧ್ಯೆ ತಲೆ ತಗ್ಗಿಸಿ ನಡೆದು ಹೋದ.

ಎರಡನೇ ಸಾಲಿನಲ್ಲಿ ಸ್ಪ್ಯಾನರ್ ಮಾಮ ಗಳಗಳ ಅಳುತ್ತಿದ್ದರು. "ನಾನು ಎಂಥಾ ಪಾಪಿ... ಗಾಡಿ ತೆಗೀರೋ, ಅವನ ಮನೆಗೆ ಹೋಗೋಣ!"

ಅವಳು ಗೆದ್ದಿದ್ದಳು. ಪೂರ್ತಿಯಾಗಿ ಗೆದ್ದಿದ್ದಳು. ಆದರೆ ಅವನು ಹೊರಟುಹೋದ ಬಾಗಿಲನ್ನೇ ನೋಡುತ್ತಾ ಯಾಕೆ ನಿಂತಿದ್ದಳೋ, ಅವಳಿಗೇ ತಿಳಿಯಲಿಲ್ಲ.

*

ನಾಲ್ಕು ದಿನ ಕಳೆದ ಮೇಲೆ ಸಂಗ್ರಹಾಲಯದ ಗುಮಾಸ್ತೆ ಸ್ಟುಡಿಯೋಗೆ ಬಂದಳು.

"ಇದನ್ನ ಸರಿಯಾದ ದಿಕ್ಕಿಗೆ ಹೊಸದಾಗಿ ಪ್ರಿಂಟ್ ಹಾಕಿಕೊಡಬೇಕಂತೆ. ಹಳೇದು ಅಳತೆಗೆ ಇರಲಿ ಅಂತ ತಂದಿದೀನಿ. ಮೇಷ್ಟ್ರ ಮೇಜಿನ ಡ್ರಾಯರ್‌ನಲ್ಲಿತ್ತು."

"ಅವರೇ ಕಳಿಸಿದ್ರಾ?"

"ಅವರೆಲ್ಲಿ? ಅವತ್ತೇ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೋದ್ರಲ್ಲ! ನಿಮಗೆ ಗೊತ್ತಿಲ್ವಾ?"

ಅವಳು ಒಳಗೆ ಹೋಗಿ ಪ್ರಿಂಟ್ ಮಗುಚಿದಳು. ಹಿಂಬದಿಯ ಮೂಲೆಯಲ್ಲಿ ಅಂಟುಪಟ್ಟಿ ಹಚ್ಚಿತ್ತು. ಹೊಸದು.

ಅವಳಿಗೆ ಮೈ ಉರಿಯಿತು. ಹಳೇ ಪ್ರಿಂಟ್ ಮೇಲೆ ಯಾರಾದರೂ ಅಂಟುಪಟ್ಟಿ ಹಚ್ತಾರಾ? ಬರಿಗೈಯಲ್ಲಿ ಫೋಟೋ ಮುಟ್ಟಿದರೆ ಹುಬ್ಬು ಗಂಟಿಕ್ಕೋ ಮನುಷ್ಯ ಇಂಥ ಕೆಲಸ ಮಾಡ್ತಾನಾ?

ಬಿಸಿ ಮಾಡಿದ ತೆಳು ಚಾಕುವಿನಿಂದ ಮೆಲ್ಲಗೆ ಬಿಡಿಸಿದಳು.

ಕೆಳಗೆ ಪೆನ್ಸಿಲ್ ಗುರುತು. ಒಂದು ತ್ರಿಕೋನ. ಒಳಗೊಂದು ಚುಕ್ಕಿ.

ಪಕ್ಕದಲ್ಲಿ ತಾರೀಕು, ಅವಳದೇ ಕೈಬರಹ. ಅವಳು ಸ್ಟುಡಿಯೋಗೆ ಸೇರಿದ ಎರಡನೇ ವಾರ.

ಇಲ್ಲ... ಇಲ್ಲ ಇಲ್ಲ...

ನೆನಪಾಯಿತು. ಯಾವುದೋ ಕಚೇರಿಗೆ ಸಂಜೆಯೊಳಗೆ ನಲವತ್ತು ಪ್ರಿಂಟ್ ಬೇಕು ಅಂತ ಯಜಮಾನರು ಅವಸರ ಮಾಡಿದ್ದರು. ಕಪ್ಪುಕೋಣೆಯಲ್ಲಿ ಒಂದರ ಹಿಂದೆ ಒಂದು ಹಾಕುತ್ತಾ ಹೋಗಿದ್ದಳು. ಟೋಪಿ ಹಾಕಿದ ಯಾವುದೋ ಹುಡುಗ, ಯಾವುದೋ ವಿಮಾನ. ಮುಖ ಕೂಡ ನೋಡಿರಲಿಲ್ಲ. ಮಂಕು ಮುಖ ಕೆಳಗಿದೆಯಾ ಅಂತ ಬೆರಳಿಂದ ಮುಟ್ಟಿ ನೋಡೋ ಅಭ್ಯಾಸವೂ ಆಗ ಇರಲಿಲ್ಲ.

ನೂರು ಜನರೆದುರು ಬೈದಿದ್ದಳಲ್ಲ, ಒಬ್ಬ ಕುರುಡ ಅಂತ... ಆ ಕುರುಡಿ ಅವಳೇ!

ಅಜ್ಜನನ್ನು ಮೂರು ವರ್ಷ ಮನೆಯೊಳಗೆ ಕೂರಿಸಿದ ಕೈ ಅವಳದೇ. ಅದು ಆ ದಿನ ವೇದಿಕೆಯ ಮೇಲೆ ಅವನಿಗೆ ಗೊತ್ತಾಗಿತ್ತು. ಒಂದೇ ಒಂದು ಮಾತು ಸಾಕಿತ್ತು. "ಈ ಗುರುತು ಯಾರದು ಕೇಳಿ" ಅಂದಿದ್ದರೆ ಅವಳ ಮಾನ ಅಲ್ಲೇ ಮಣ್ಣಾಗುತ್ತಿತ್ತು. ಅವನು ಅನ್ನಲಿಲ್ಲ. ಬೈಗುಳ ಪೂರ್ತಿ ತಾನೇ ನುಂಗಿ ಹೋದ.

*

ಅಜ್ಜ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದರು. ಆ ದಿನ ಕೂಟಕ್ಕೆ ಹೊರಟಿದ್ದರು. ಮೂರು ವರ್ಷದ ಮೇಲೆ ಮೊದಲ ಸಲ. ಬಾಯಲ್ಲಿ ಯಾವುದೋ ಹಾಡು ಬೇರೆ.

"ಅಜ್ಜಾ... ಆ ಫೋಟೋ ಮಗುಚಿ ಪ್ರಿಂಟ್ ಮಾಡಿದ್ದು ನಾನೇ ಅಜ್ಜಾ."

ಹಾಡು ನಿಂತಿತು. ಅವಳು ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಗುರುತು, ಅಂಟುಪಟ್ಟಿ, ಮೂರು ವಾರ ನೆಗೆಟಿವ್ ಬಚ್ಚಿಟ್ಟುಕೊಂಡಿದ್ದು, ಅವನು ಸತ್ತ ಪೈಲಟ್‌ನ ಮೊಮ್ಮಗ ಅನ್ನೋದು, ಒಂದನ್ನೂ ಬಿಡಲಿಲ್ಲ.

ಅಜ್ಜ ಅರ್ಧ ಮುಖಕ್ಕೆ ಸೋಪು ಇಟ್ಟುಕೊಂಡೇ ಸ್ಟೂಲಿನ ಮೇಲೆ ಕೂತರು.

"ಮೂರು ವರ್ಷ ನನ್ನ ಕೈಯನ್ನೇ ನಾನು ನಂಬಲಿಲ್ಲ ಕಣೇ" ಅಂದರು ಕೊನೆಗೆ. "ನನಗೆ ಸಿಟ್ಟು ಬಂದಿದೆ. ಇಲ್ಲ ಅನ್ನಲ್ಲ."

"ಬೈರಿ ಅಜ್ಜಾ. ಹೊಡೀರಿ ಬೇಕಾದ್ರೆ."

"ಪ್ರಿಂಟ್‌ಗೆ ಅಲ್ಲ ಕಣೇ ಸಿಟ್ಟು. ಎರಡನೇ ವಾರದಲ್ಲಿ ಕೈ ತಪ್ಪದವರು ಯಾರಿದಾರೆ? ಉತ್ತರ ಕೈಗೆ ಸಿಕ್ಕ ಮೇಲೂ ಮೂರು ವಾರ ಬಚ್ಚಿಟ್ಟೆಯಲ್ಲ, ಅದಕ್ಕೆ. ಅಷ್ಟು ದಿನ ನಾನು ಈ ಮೂಲೇಲಿ ಕೂತು ನಾನೇ ಕೊಲೆಗಾರನಾ ಅಂತ ಯೋಚಿಸ್ತಿದ್ದೆ. ನನಗಿಂತ ನಿನಗೆ ಅವನ ಮಾನ ತೆಗೆಯೋದು ಹೆಚ್ಚಾಯ್ತಾ?"

ಅವಳು ಅಜ್ಜನ ಕಾಲ ಬಳಿ ಕೂತು ಮಂಡಿಗೆ ಮುಖ ಒತ್ತಿ ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಆ ಹಳೇ ಕೈ ಅವಳ ತಲೆಯ ಮೇಲೆ ಬಂತು.

"ಆ ಹುಡುಗ ಎಲ್ಲಿದಾನೆ?"

"ಕೆಲಸ ಬಿಟ್ಟುಬಿಟ್ಟಿದಾರೆ."

"ಅವನ ಅಜ್ಜ ನನಗೆ ಚೆನ್ನಾಗಿ ಗೊತ್ತು ಕಣೇ. ಅವತ್ತು ಬೆಳಿಗ್ಗೆ ವಿಮಾನ ಹತ್ತೋಕೆ ಮುಂಚೆ ಓಡಿಬಂದು ನನ್ನ ತಬ್ಬಿಕೊಂಡಿದ್ದ. 'ಹೆಣ್ಣುಮಗು ಹುಟ್ಟಿದೆ ಕಣಯ್ಯಾ, ಈಗಷ್ಟೇ ಸುದ್ದಿ ಬಂತು' ಅಂತ ಕುಣಿದಿದ್ದ. ಆ ಮಗು ಈ ಹುಡುಗನ ತಾಯಿ ಇರಬೇಕು. ಅಪ್ಪನಿಗೆ ಸುದ್ದಿ ಮುಟ್ಟಿತ್ತಾ ಇಲ್ವಾ ಅಂತ ಅವರಿಗೆ ಯಾರು ಹೇಳ್ತಾರೆ? ನಾನೊಬ್ಬನೇ ಉಳಿದಿರೋದು. ಹೋಗಿ ಕರ್ಕೊಂಡು ಬಾ."

"ಅವರು ಬರಲ್ಲ ಅಜ್ಜಾ. ಯಾವ ಮುಖ ಇಟ್ಕೊಂಡು ಕರೀಲಿ?"

"ಇರೋ ಮುಖ ಇಟ್ಕೊಂಡೇ ಕರಿ. ಮೊದಲು ಮೂಗು ಒರೆಸ್ಕೋ."

*

ಅವನ ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆರೆದವನು ಅವಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. ಗಡ್ಡ ಬೆಳೆದಿತ್ತು. ಹಿಂದೆ ನೆಲದ ತುಂಬಾ ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆಗಳು.

"ಇನ್ನೂ ಏನಾದ್ರೂ ಬಾಕಿ ಇದೆಯಾ?" ಅಂದ, ಸಿಟ್ಟಿಲ್ಲದೆ.

ಅವಳು ಪ್ರಿಂಟ್ ಹೊರತೆಗೆದು ಹಿಂಬದಿ ತೋರಿಸಿದಳು.

"ಹಳೇ ಪ್ರಿಂಟ್ ಮೇಲೆ ಅಂಟುಪಟ್ಟಿ ಹಚ್ತೀರಾ? ನಾಚಿಕೆ ಆಗಲ್ವಾ ನಿಮಗೆ?" ಅಂದವಳ ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು.

ಅವನು ಗೋಡೆಗೆ ಒರಗಿದ. "ಬಿಡಿಸಿಬಿಟ್ರಾ... ಬೇರೆ ದಾರಿ ಹೊಳೀಲಿಲ್ಲ. ರಬ್ಬರ್‌ನಲ್ಲಿ ಅಳಿಸೋಕೆ ಮನಸ್ಸು ಬರಲಿಲ್ಲ."

"ಯಾಕೆ ಹೇಳ್ಲಿಲ್ಲ ಅವತ್ತು? ಅಷ್ಟು ಜನರ ಎದುರು ನಾನು ನಿಮ್ಮನ್ನ..."

"ನಾನು ನಿಮ್ಮಜ್ಜನ ಮಾನ ಒಂದು ಸಲ ತೆಗೆದಿದ್ದೆ. ಮೊಮ್ಮಗಳದ್ದೂ ತೆಗೀಲಾ?" ಸ್ವಲ್ಪ ತಡೆದು, "ಅಷ್ಟೇ ಅಲ್ಲ... ಆ ಮೂರು ವಾರ ನನ್ನ ಜೀವನದಲ್ಲೇ ಒಳ್ಳೇ ಮೂರು ವಾರ. ನಿಮಗೆ ಅದೆಲ್ಲ ನಾಟಕ ಇರಬಹುದು. ನನಗಲ್ಲ."

"ನಾಟಕ ಶುರು ಮಾಡಿದ್ದೆ" ಅಂದಳು ಬಿಕ್ಕುತ್ತಾ. "ಭುಜ ತಾಗಿದ ದಿನದಿಂದ ಮರೆತುಹೋಯ್ತು. ಮರೆತಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟನ್ನೂ ನಿಮ್ಮ ಮೇಲೇ ತೀರಿಸಿಕೊಂಡೆ. ನನಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ... ಗುರುತು ನನ್ನದು ಅಂತ ನಾಳೆ ಪೇಪರ್‌ನಲ್ಲಿ ಬರುತ್ತೆ, ಬರೆದು ಕೊಟ್ಟು ಬಂದಿದೀನಿ. ಇನ್ನು ಅಜ್ಜ ನಿಮ್ಮನ್ನ ಕರೀತಿದಾರೆ. ನಿಮ್ಮಜ್ಜ ವಿಮಾನ ಹತ್ತೋಕೆ ಮುಂಚೆ ಹೇಳಿದ ಮಾತೊಂದು ಅವರ ಹತ್ರ ಇದೆ. ನಿಮ್ಮಮ್ಮ ಹುಟ್ಟಿದ ಸುದ್ದಿ ಅವರಿಗೆ ಮುಟ್ಟಿತ್ತಂತೆ. ಕುಣಿದಾಡಿದ್ರಂತೆ!"

ಅವನು ಕೈಯಿಂದ ಮುಖ ಮುಚ್ಚಿಕೊಂಡ. ಭುಜ ಅಲುಗಾಡುತ್ತಿತ್ತು. ಅವಳು ಹತ್ತಿರ ಹೋಗಿ, ಹೆದರಿ ಹೆದರಿ, ಆ ತೋಳಿನ ಮೇಲೆ ಕೈಯಿಟ್ಟಳು. ಅವನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅಮ್ಮನಿಗೆ ಈಗಲೇ ಹೇಳಬೇಕು" ಅಂದ. "ಅವಳನ್ನೂ ಕರ್ಕೊಂಡು ಬರ್ತೀನಿ."

"ನನ್ನ ಕ್ಷಮಿಸ್ತೀರಾ?"

"ಇಲ್ಲ."

ಅವಳ ಮುಖ ಬಾಡಿತು.

"ಒಂದೇ ಸಲಕ್ಕೆ ಕ್ಷಮಿಸಲ್ಲ" ಅಂದ ಅವನು, ಒದ್ದೆ ಕಣ್ಣಲ್ಲೇ ನಗುತ್ತಾ. "ದಿನಾ ಸ್ವಲ್ಪ ಸ್ವಲ್ಪ ಕ್ಷಮಿಸ್ತೀನಿ. ಒಟ್ಟಿಗೆ ಮುಗಿಸಿಬಿಟ್ರೆ ನೀನು ಬರೋದೇ ನಿಲ್ಲಿಸಿಬಿಡ್ತೀಯ."

ನೀನು! ಅವಳು ಅವನ ಎದೆಗೆ ಹಣೆ ಒತ್ತಿದಳು.

"ನಾನೂ ನಿನ್ನ ಹಾಗೇ ಕ್ಷಮಿಸ್ತೀನಿ ಹಾಗಾದ್ರೆ. ಇವತ್ತಿನದು ಎಷ್ಟು?"

"ಇವತ್ತಿಗೆ... ನಿಮ್ಮಜ್ಜನ ಮನೆ ಬಾಗಿಲವರೆಗೆ. ಕೈ ಬಿಡದೆ."